ಬಿಟ್ಟುಕೊಟ್ಟ ಆಸನಗಳು: 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿ ಮತ್ತು ಅಲಬಾಮಾದ ಚರಿತ್ರೆ

1

ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದಲ್ಲಿ ಹುಟ್ಟಿ ಬೆಳೆದ ಹಾರ್ಪರ್ ಲೀ (1926–2016) ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿ 1960ರ ಜುಲೈ ತಿಂಗಳಲ್ಲಿ ಪ್ರಕಟವಾಯಿತು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. 1962ರಲ್ಲಿ ಅದು ಚಲನಚಿತ್ರವಾಯಿತು. ಅಂದಿನಿಂದ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವ ತರಗತಿಗಳಲ್ಲಿ ಅದು ಮತ್ತೆ ಮತ್ತೆ ಪಠ್ಯವಾಗುತ್ತ ಬಂದಿದೆ. ಬಾಲ್ಯದಿಂದ ಅರಿವಿನ ಕಡೆಗೆ ಸಾಗುವ ಕಥನಗಳ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಕೆಲವೇ ಕೃತಿಗಳಲ್ಲಿ ಇದೂ ಒಂದು. ಪೂರ್ವಗ್ರಹ, ಧೈರ್ಯ, ಮುಗ್ಧತೆಯ ನಾಶ ಎಂಬ ಮೂರು ಸೂತ್ರಗಳ ಮೂಲಕ ಇದನ್ನು ವಿವರಿಸುವುದು ವಾಡಿಕೆ. ಆದರೆ ಪರೀಕ್ಷೆಯ ಪ್ರಶ್ನೆಗಳಾಗಿ ಬಳಸಿ ಬಳಸಿ ಈ ಮೂರು ಪದಗಳೂ ಸವೆದುಹೋಗಿವೆ. ಎಲ್ಲ ದೇಶಕ್ಕೂ ಎಲ್ಲ ಕಾಲಕ್ಕೂ ಒಂದೇ ಬಗೆಯಾಗಿ ಅನ್ವಯಿಸುವ ನೀತಿಪಾಠಗಳೆಂಬಂತೆ ಅವುಗಳನ್ನು ಗ್ರಹಿಸಲಾಗುತ್ತಿದೆ.

ಪ್ರಸ್ತುತ ಲೇಖನದ ಉದ್ದೇಶ ಈ ಮೂರು ಪದಗಳನ್ನು ಅವು ಹುಟ್ಟಿದ ನೆಲಕ್ಕೆ ಮರಳಿಸಿ ನೋಡುವುದು. ಅಲಬಾಮಾದಲ್ಲಿ ಪೂರ್ವಗ್ರಹವೆಂಬುದು ಕೇವಲ ಮನೋಭಾವವಾಗಿತ್ತೆ ಅಥವಾ ಕಾನೂನಾಗಿತ್ತೆ? ಧೈರ್ಯವನ್ನು ತೋರಿದವರು ಯಾರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ಕಳೆದುಕೊಳ್ಳಲು ಆ ಮುಗ್ಧತೆ ಯಾರ ಪಾಲಿಗೆ ಇತ್ತು? ಕೃತಿಯ ಹಿರಿಮೆಯನ್ನು ತಗ್ಗಿಸುವುದು ಈ ಪ್ರಶ್ನೆಗಳ ಉದ್ದೇಶವಲ್ಲ. ಕಾದಂಬರಿ ಏನನ್ನು ಕಂಡಿತು, ಎಲ್ಲಿ ನಿಂತು ಕಂಡಿತು ಎಂಬುದನ್ನು ಖಚಿತಪಡಿಸಿಕೊಂಡಾಗ ಮಾತ್ರ ಅದನ್ನು ಚರಿತ್ರೆಯ ಆಕರವಾಗಿ ಬಳಸಲು ಸಾಧ್ಯ.

2

ಕಥೆ ನಡೆಯುವುದು ಮೇಕೋಂಬ್ ಎಂಬ ಕಲ್ಪಿತ ಪಟ್ಟಣದಲ್ಲಿ. ಕಾಲ 1933ರಿಂದ 1935. ನಿರೂಪಕಿ ಜೀನ್ ಲೂಯಿಸ್ ಫಿಂಚ್; ಮನೆಯವರ ಬಾಯಲ್ಲಿ ಸ್ಕೌಟ್. ಕಥೆ ತೊಡಗುವಾಗ ಅವಳಿಗೆ ಆರು ವರ್ಷ ಸಮೀಪಿಸುತ್ತಿರುತ್ತದೆ. ಮುಗಿಯುವಾಗ ಅವಳು ಒಂಬತ್ತರ ಹೊಸ್ತಿಲಲ್ಲಿದ್ದಾಳೆ. ಅಣ್ಣ ಜೆಮ್ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ತಾಯಿಯಿಲ್ಲದ ಈ ಮಕ್ಕಳನ್ನು ವಕೀಲನಾದ ತಂದೆ ಆಟಿಕಸ್ ಮತ್ತು ಕಪ್ಪುವರ್ಣೀಯ ಅಡುಗೆಯಾಕೆ ಕ್ಯಾಲ್ಪುರ್ನಿಯ ಸಾಕುತ್ತಾರೆ. ಕೃತಿಯ ಮೊದಲರ್ಧ ಬಹುಮಟ್ಟಿಗೆ ಮಕ್ಕಳ ಆಟ, ಶಾಲೆ, ನೆರೆಹೊರೆಯ ಕಥೆ. ವರ್ಷಗಟ್ಟಲೆ ಮನೆಯಿಂದ ಹೊರಬಾರದ ಬೂ ರ್‍ಯಾಡ್ಲಿಯ ಬಗ್ಗೆ ಊರು ಕಟ್ಟಿದ ಭಯಾನಕ ಕಥೆಗಳನ್ನು ಮಕ್ಕಳು ನಂಬುತ್ತಾರೆ. ಅವರು ಕಾಣುವ ಮೊದಲ ಪೂರ್ವಗ್ರಹ ಅವರದೇ ಎಂಬುದು ಗಮನಾರ್ಹ.

ಎರಡನೆಯ ಅರ್ಧದಲ್ಲಿ ಟಾಮ್ ರಾಬಿನ್ಸನ್ ಎಂಬ ಕಪ್ಪುವರ್ಣೀಯ ಕೂಲಿಗಾರನ ಮೇಲೆ ಬಿಳಿಯ ಯುವತಿ ಮೇಯೆಲ್ಲ ಯೂವೆಲ್ ಅತ್ಯಾಚಾರದ ಆರೋಪ ಹೊರಿಸುತ್ತಾಳೆ. ಟಾಮ್‌ನ ಪರವಾಗಿ ವಾದಿಸಲು ನ್ಯಾಯಾಲಯ ಆಟಿಕಸ್‌ನನ್ನು ನೇಮಿಸುತ್ತದೆ. ಆಕೆಯ ಮುಖದ ಗಾಯಗಳು ಎಡಗೈಯ ಏಟಿನವು. ಟಾಮ್‌ನ ಎಡಗೈ ಹುಡುಗನಾಗಿದ್ದಾಗಲೇ ಹತ್ತಿಯ ಜಿನ್ನಿಗೆ ಸಿಕ್ಕಿ ನಿರುಪಯುಕ್ತವಾಗಿದೆ. ಸಾಕ್ಷ್ಯ ಇಷ್ಟು ಸ್ಪಷ್ಟವಿದ್ದರೂ ತೀರ್ಪುಗಾರರು ಅವನನ್ನು ಅಪರಾಧಿಯೆನ್ನುತ್ತಾರೆ. ಮೇಲ್ಮನವಿಗೆ ಮೊದಲೇ ಸೆರೆಮನೆಯಿಂದ ಓಡಲು ಯತ್ನಿಸಿದನೆಂದು ಅವನನ್ನು ಗುಂಡಿಟ್ಟು ಕೊಲ್ಲಲಾಗುತ್ತದೆ. ಮುಂದೆ ಮೇಯೆಲ್ಲಳ ತಂದೆ ಮಕ್ಕಳ ಮೇಲೆ ಹಲ್ಲೆ ಮಾಡಿದಾಗ ಅವರನ್ನು ಉಳಿಸುವವನು ಅದೇ ಬೂ ರ್‍ಯಾಡ್ಲಿ. ಯಾರಿಗೂ ಕೇಡು ಮಾಡದೆ ಹಾಡುವ ಅಣಕುಹಕ್ಕಿಯನ್ನು ಕೊಲ್ಲುವುದು ಪಾಪವೆಂಬ ನಂಬಿಕೆ ಈ ಇಬ್ಬರನ್ನೂ ಒಂದು ಸೂತ್ರದಲ್ಲಿ ಕಟ್ಟುತ್ತದೆ.

ಈ ಲೇಖನದ ದೃಷ್ಟಿಯಿಂದ ವಿಚಾರಣೆಯ ದೃಶ್ಯದ ಒಂದು ಸಣ್ಣ ವಿವರ ಬಹಳ ಮುಖ್ಯ. ಮಕ್ಕಳು ನ್ಯಾಯಾಲಯಕ್ಕೆ ತಡವಾಗಿ ಬರುತ್ತಾರೆ. ಕೆಳಗೆ ಬಿಳಿಯರ ಜಾಗ ತುಂಬಿಹೋಗಿದೆ. ಕಪ್ಪು ಜನರ ಚರ್ಚಿನ ಪಾದ್ರಿ ರೆವರೆಂಡ್ ಸೈಕ್ಸ್ ಅವರನ್ನು ತನ್ನ ಜನಕ್ಕೆ ಮೀಸಲಾದ ಮೇಲಂತಸ್ತಿನ ಗ್ಯಾಲರಿಗೆ ಕರೆದೊಯ್ಯುತ್ತಾನೆ. ಮುಂದಿನ ಸಾಲಿನ ನಾಲ್ವರು ಎದ್ದು ತಮ್ಮ ಆಸನಗಳನ್ನು ಮಕ್ಕಳಿಗೆ ಬಿಟ್ಟುಕೊಡುತ್ತಾರೆ. ವಿಶ್ವದ ಓದುಗರು ಆರು ದಶಕಗಳಿಂದ ಈ ವಿಚಾರಣೆಯನ್ನು ನೋಡುತ್ತಿರುವುದು ಹಾಗೆ ಬಿಟ್ಟುಕೊಟ್ಟ ಆಸನಗಳಿಂದ. ಎದ್ದ ನಾಲ್ವರ ಹೆಸರು ನಮಗೆ ತಿಳಿಯುವುದಿಲ್ಲ.

3

ಕಾದಂಬರಿಯಲ್ಲಿ ಪೂರ್ವಗ್ರಹ ಹೆಚ್ಚಾಗಿ ಮಾತಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ: ಶಾಲೆಯಂಗಳದ ಬೈಗುಳ, ಮಹಿಳಾ ಮಂಡಳಿಯ ಹರಟೆ, ಸರಕಾರಿ ವಕೀಲನ ತಿರಸ್ಕಾರದ ಧ್ವನಿ. ಆದರೆ ಟಾಮ್ ರಾಬಿನ್ಸನ್‌ನನ್ನು ಅಪರಾಧಿಯೆಂದು ಸಾರಿದ್ದು ಕೇವಲ ಧ್ವನಿಯಲ್ಲ. ಅದರ ಹಿಂದೆ ಎಚ್ಚರಿಕೆಯಿಂದ ಕಟ್ಟಿದ ಕಾನೂನಿನ ವ್ಯವಸ್ಥೆಯಿತ್ತು. ಅಲಬಾಮಾ 1901ರಲ್ಲಿ ಹೊಸ ಸಂವಿಧಾನವನ್ನು ಅಂಗೀಕರಿಸಿತು. ತಲೆಗಂದಾಯ, ಅಕ್ಷರಜ್ಞಾನದ ಪರೀಕ್ಷೆ, ಆಸ್ತಿಯ ಅರ್ಹತೆ ಮುಂತಾದ ನಿಬಂಧನೆಗಳ ಮೂಲಕ ಕಪ್ಪು ಜನರನ್ನು ಮತದಾರರ ಪಟ್ಟಿಯಿಂದ ಹೊರಗಿಡುವುದೇ ಅದರ ಘೋಷಿತ ಗುರಿಯಾಗಿತ್ತು. ಒಂದೂ ಮುಕ್ಕಾಲು ಲಕ್ಷಕ್ಕೂ ಮಿಕ್ಕಿದ್ದ ಕಪ್ಪುವರ್ಣೀಯ ವಯಸ್ಕ ಪುರುಷರಲ್ಲಿ ಎರಡೇ ವರ್ಷಗಳ ತರುವಾಯ ಮತದಾರರಾಗಿ ಉಳಿದವರು ಮೂರು ಸಾವಿರಕ್ಕೂ ಕಡಿಮೆ. ಅವರ ಹೆಸರುಗಳನ್ನು ತೀರ್ಪುಗಾರರ ಪಟ್ಟಿಗೂ ಸೇರಿಸುತ್ತಿರಲಿಲ್ಲ. ಮಹಿಳೆಯರಿಗಂತೂ, ಅವರು ಯಾವ ವರ್ಣದವರಾಗಿರಲಿ, 1966ರವರೆಗೆ ಅಲಬಾಮಾದ ತೀರ್ಪುಗಾರರ ಮಂಡಳಿಯಲ್ಲಿ ಸ್ಥಾನವಿರಲಿಲ್ಲ. ಕಾದಂಬರಿಯಲ್ಲಿ ಜೆಮ್ ಮತ್ತು ತಂದೆಯ ನಡುವಣ ಮಾತುಕತೆಯಲ್ಲಿ ಈ ಅಂಶ ಬಂದುಹೋಗುತ್ತದೆ.

ಅತ್ಯಾಚಾರಕ್ಕೆ ಮರಣದಂಡನೆ ವಿಧಿಸಲು ಅವಕಾಶವಿದ್ದುದು ಈ ವ್ಯವಸ್ಥೆಯ ಇನ್ನೊಂದು ಮುಖ. 1930ರಿಂದ 1960ರ ದಶಕದ ಮಧ್ಯದವರೆಗೆ ಅಮೆರಿಕದಲ್ಲಿ ಈ ಅಪರಾಧಕ್ಕಾಗಿ 455 ಪುರುಷರನ್ನು ಗಲ್ಲಿಗೆ ಅಥವಾ ವಿದ್ಯುತ್ ಕುರ್ಚಿಗೆ ಏರಿಸಲಾಯಿತು. ಅವರಲ್ಲಿ 405 ಮಂದಿ ಕಪ್ಪುವರ್ಣೀಯರು. ಕಾನೂನಿನ ಅಕ್ಷರದಲ್ಲಿ ವರ್ಣದ ಉಲ್ಲೇಖವಿರಲಿಲ್ಲ. ಅದರ ಬಳಕೆಯಲ್ಲಿ ಇತ್ತು.

ಕಥೆಯ ಕಾಲಕ್ಕೆ ಎರಡು ವರ್ಷ ಮೊದಲು ನಡೆದ ಸ್ಕಾಟ್ಸ್‌ಬರೊ ಪ್ರಕರಣ ಈ ವ್ಯವಸ್ಥೆಯನ್ನು ಜಗತ್ತಿನ ಮುಂದೆ ತೆರೆದಿಟ್ಟಿತು. 1931ರ ಮಾರ್ಚ್ 25ರಂದು ಅಲಬಾಮಾದಲ್ಲಿ ಸರಕು ರೈಲೊಂದನ್ನು ತಡೆದು ಒಂಬತ್ತು ಮಂದಿ ಕಪ್ಪುವರ್ಣೀಯ ಹುಡುಗರನ್ನು ಬಂಧಿಸಲಾಯಿತು. ಅದೇ ರೈಲಿನಲ್ಲಿದ್ದ ಇಬ್ಬರು ಬಿಳಿಯ ಯುವತಿಯರು ಅತ್ಯಾಚಾರದ ದೂರು ನೀಡಿದರು. ಎರಡೇ ವಾರಗಳಲ್ಲಿ, ಏಪ್ರಿಲ್ 9ರೊಳಗೆ, ವಿಚಾರಣೆಗಳೆಲ್ಲ ಮುಗಿದು ಎಂಟು ಮಂದಿಗೆ ಮರಣದಂಡನೆಯಾಯಿತು. ಉಳಿದವನು ರಾಯ್ ರೈಟ್. ಹದಿಮೂರರ ಆಸುಪಾಸಿನ ಬಾಲಕ. ಅವನ ವಯಸ್ಸನ್ನು ನೋಡಿ ಸರಕಾರಿ ವಕೀಲರೇ ಜೀವಾವಧಿ ಶಿಕ್ಷೆ ಸಾಕೆಂದರೂ ತೀರ್ಪುಗಾರರಲ್ಲಿ ಹೆಚ್ಚಿನವರು ಮರಣದಂಡನೆಯೇ ಆಗಬೇಕೆಂದು ಪಟ್ಟುಹಿಡಿದುದರಿಂದ ಆ ವಿಚಾರಣೆ ನಿರ್ಣಯವಿಲ್ಲದೆ ನಿಂತಿತು.

1932ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಆರೋಪಿಗಳಿಗೆ ಸಮರ್ಪಕ ವಕೀಲರ ನೆರವು ದೊರೆತಿರಲಿಲ್ಲವೆಂಬ ಕಾರಣದಿಂದ ಶಿಕ್ಷೆಗಳನ್ನು ರದ್ದುಪಡಿಸಿತು. 1933ರಲ್ಲಿ ಡಿಕೇಟರ್ ಪಟ್ಟಣದಲ್ಲಿ ಮರುವಿಚಾರಣೆ ನಡೆದಾಗ ದೂರು ನೀಡಿದ ಇಬ್ಬರಲ್ಲಿ ಒಬ್ಬಳು ತಾನು ಹೇಳಿದ್ದು ಸುಳ್ಳೆಂದು ಸಾಕ್ಷಿ ನುಡಿದಳು. ಆದರೂ ತೀರ್ಪುಗಾರರು ಮೊದಲ ಆರೋಪಿ ಹೇವುಡ್ ಪ್ಯಾಟರ್ಸನ್‌ನನ್ನು ಅಪರಾಧಿಯೆಂದೇ ಸಾರಿದರು. 1935ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೊಂದು ತೀರ್ಪು ನೀಡಿ, ಕಪ್ಪುವರ್ಣೀಯರನ್ನು ತೀರ್ಪುಗಾರರ ಪಟ್ಟಿಯಿಂದ ಕ್ರಮಬದ್ಧವಾಗಿ ಹೊರಗಿಡುವುದು ಸಂವಿಧಾನ ವಿರೋಧಿಯೆಂದು ಘೋಷಿಸಿತು. ಕಾದಂಬರಿಯಲ್ಲಿ ಟಾಮ್ ರಾಬಿನ್ಸನ್‌ನ ವಿಚಾರಣೆ ನಡೆಯುವುದು ಅದೇ 1935ರ ಬೇಸಗೆಯಲ್ಲಿ. ಸರ್ವೋಚ್ಚ ನ್ಯಾಯಾಲಯದ ಮಾತು ಹೊರಬಿದ್ದು ಕೆಲವೇ ತಿಂಗಳುಗಳಾಗಿವೆ. ಮೇಕೋಂಬಿನ ತೀರ್ಪುಗಾರರು ಹನ್ನೆರಡು ಮಂದಿಯೂ ಬಿಳಿಯರೇ. ಆಟಿಕಸ್ ತನ್ನ ವಾದದಲ್ಲಿ ಆ ಪಟ್ಟಿಯನ್ನೇ ಪ್ರಶ್ನಿಸುವುದಿಲ್ಲ. ಕಾದಂಬರಿಯಲ್ಲಿ ಈ ಮೌನ ಕಥನದ ಸಹಜ ಹರಿವಿನೊಳಗೆ ಮರೆಯಾಗುತ್ತದೆ. ಚರಿತ್ರೆಯ ಬೆಳಕಿನಲ್ಲಿ ಅದು ಎದ್ದು ಕಾಣುತ್ತದೆ.

4

ಮೇಕೋಂಬಿಗೆ ಮಾದರಿಯಾದದ್ದು ಲೇಖಕಿಯ ಹುಟ್ಟೂರಾದ ಮನ್ರೋವಿಲ್. ಅವರ ತಂದೆ ಅಮಾಸ ಕೋಲ್ಮನ್ ಲೀ ವಕೀಲರು; ರಾಜ್ಯದ ಶಾಸನಸಭೆಯ ಸದಸ್ಯರೂ ಸ್ಥಳೀಯ ಪತ್ರಿಕೆ 'ಮನ್ರೋ ಜರ್ನಲ್'ನ ಸಂಪಾದಕರೂ ಆಗಿದ್ದವರು. 1919ರಲ್ಲಿ ಅವರು ಕೊಲೆಯ ಆರೋಪ ಹೊತ್ತ ಇಬ್ಬರು ಕಪ್ಪುವರ್ಣೀಯರ, ತಂದೆ ಮತ್ತು ಮಗನ, ಪರವಾಗಿ ವಾದಿಸಿ ಸೋತರು, ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ಆಟಿಕಸ್‌ನ ಪಾತ್ರಚಿತ್ರಣದಲ್ಲಿ ಈ ತಂದೆಯ ನೆರಳಿರುವುದನ್ನು ಎಲ್ಲ ವಿಮರ್ಶಕರೂ ಗುರುತಿಸಿದ್ದಾರೆ.

ಸ್ಕಾಟ್ಸ್‌ಬರೊದಷ್ಟು ಪ್ರಸಿದ್ಧವಲ್ಲದಿದ್ದರೂ ಕಾದಂಬರಿಗೆ ಇನ್ನೂ ಹತ್ತಿರದ ಪ್ರಕರಣವೊಂದು ಮನ್ರೋವಿಲ್‌ನಲ್ಲೇ ನಡೆದಿತ್ತು. 1933ರ ಕೊನೆಯಲ್ಲಿ ವಾಲ್ಟರ್ ಲೆಟ್ ಎಂಬ ಕಪ್ಪುವರ್ಣೀಯ ಕೂಲಿಗಾರನ ಮೇಲೆ ಬಿಳಿಯ ಮಹಿಳೆಯೊಬ್ಬಳು ಅತ್ಯಾಚಾರದ ಆರೋಪ ಮಾಡಿದಳು. 1934ರಲ್ಲಿ ಅವನಿಗೆ ಮರಣದಂಡನೆಯಾಯಿತು. ಸ್ಥಳೀಯರೇ ಕೆಲವರು ರಾಜ್ಯಪಾಲರಿಗೆ ಮನವಿ ಸಲ್ಲಿಸಿದ ಮೇಲೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಆ ಹೊತ್ತಿಗೆ ಮರಣದಂಡನೆಯ ಕೋಣೆಯಲ್ಲಿ ಕಾಯುತ್ತಿದ್ದ ಅವನ ಮನಸ್ಸು ಕುಸಿದಿತ್ತು. 1937ರಲ್ಲಿ ಕ್ಷಯರೋಗದಿಂದ ಅವನು ಸತ್ತ. ವಿಚಾರಣೆಯ ಕಾಲಕ್ಕೆ ಹಾರ್ಪರ್ ಲೀ ಅವರಿಗೆ ಎಂಟು ವರ್ಷ ತುಂಬುತ್ತಿತ್ತು. ಸುದ್ದಿ ಅಚ್ಚಾದದ್ದು ಅವರ ತಂದೆಯ ಪತ್ರಿಕೆಯಲ್ಲಿ. ಕಾದಂಬರಿ ಈ ಪೈಕಿ ಯಾವ ಒಂದು ಪ್ರಕರಣದ ನಕಲೂ ಅಲ್ಲ. ಆದರೆ ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ಟಾಮ್ ರಾಬಿನ್ಸನ್‌ನ ಕಥೆ ಅಪವಾದವಲ್ಲ, ನಿಯಮ ಎಂಬುದು ಮನದಟ್ಟಾಗುತ್ತದೆ. ಕಲ್ಪನೆಯಾಗಿ ಉಳಿಯುವುದು ಅವನಿಗೆ ದೊರೆತ ವಕೀಲನ ಶ್ರದ್ಧೆ ಮಾತ್ರ.

5

ಧೈರ್ಯದ ವಿಷಯಕ್ಕೆ ಬಂದರೆ, ಕಾದಂಬರಿ ಅದಕ್ಕೆ ತನ್ನದೇ ವ್ಯಾಖ್ಯೆಯನ್ನು ಕೊಡುತ್ತದೆ. ಸೋಲು ಖಚಿತವೆಂದು ತಿಳಿದೂ ಕೈಗೊಂಡ ಕಾರ್ಯವನ್ನು ಕೊನೆಯವರೆಗೆ ನಡೆಸುವುದೇ ಧೈರ್ಯ ಎಂಬ ತಿಳಿವಳಿಕೆಯನ್ನು ಆಟಿಕಸ್ ಮಕ್ಕಳಿಗೆ ನೀಡುತ್ತಾನೆ. ಇದಕ್ಕೆ ಅವನು ತೋರಿಸುವ ನಿದರ್ಶನ ಸಾವಿನ ಮುನ್ನ ಮಾರ್ಫಿನ್ ಚಟದಿಂದ ಬಿಡಿಸಿಕೊಳ್ಳಲು ಹೆಣಗಿದ ನೆರೆಮನೆಯ ಮುದುಕಿ, ಮಿಸೆಸ್ ದುಬೋಸ್. ಆಕೆ ಕಟ್ಟಾ ವರ್ಣದ್ವೇಷಿ ಎಂಬುದು ಈ ಪ್ರಸಂಗದ ಸಂಕೀರ್ಣತೆ. ಧೈರ್ಯವೆಂಬ ಗುಣ ನ್ಯಾಯದ ಪಕ್ಷದವರ ಸೊತ್ತು ಮಾತ್ರವಲ್ಲ ಎಂದು ಲೇಖಕಿ ಬಲ್ಲರು.

ಚರಿತ್ರೆಯಲ್ಲಿ ಆಟಿಕಸ್‌ನಂಥವರು ಇರಲಿಲ್ಲವೆಂದಲ್ಲ. ಡಿಕೇಟರ್‌ನ ಮರುವಿಚಾರಣೆಯ ನ್ಯಾಯಾಧೀಶ ಜೇಮ್ಸ್ ಹಾರ್ಟನ್ 1933ರ ಜೂನ್‌ನಲ್ಲಿ ಸಾಕ್ಷ್ಯವನ್ನು ಕೂಲಂಕಷವಾಗಿ ಪರಿಶೀಲಿಸಿ, ತೀರ್ಪುಗಾರರ ನಿರ್ಣಯವನ್ನೇ ತಳ್ಳಿಹಾಕಿದರು. ಮರುವರ್ಷದ ಚುನಾವಣೆಯಲ್ಲಿ ಅವರು ತಮ್ಮ ಪದವಿಯನ್ನು ಕಳೆದುಕೊಂಡರು. ಕಾದಂಬರಿಯಲ್ಲಿ ಆಟಿಕಸ್ ಮತ್ತೆ ಅವಿರೋಧವಾಗಿ ಶಾಸನಸಭೆಗೆ ಆಯ್ಕೆಯಾಗುತ್ತಾನೆ. ಡಿಕೇಟರ್‌ನ ನ್ಯಾಯಾಧೀಶರಿಗೆ ಆ ಸೌಭಾಗ್ಯ ದೊರೆಯಲಿಲ್ಲ.

ಆದರೆ ಸ್ಕಾಟ್ಸ್‌ಬರೊದ ದಾಖಲೆಗಳಲ್ಲಿ ಇನ್ನೊಂದು ಬಗೆಯ ಧೈರ್ಯವೂ ಇದೆ. ತೀರ್ಪುಗಾರರ ಪಟ್ಟಿಯನ್ನು ಪ್ರಶ್ನಿಸಲು ಅರ್ಹ ಕಪ್ಪುವರ್ಣೀಯ ನಾಗರಿಕರಿದ್ದರೆಂದು ತೋರಿಸಬೇಕಿತ್ತು. ಅದಕ್ಕಾಗಿ ಆ ಜಿಲ್ಲೆಗಳಲ್ಲೇ ಬಾಳಬೇಕಾದ, ಬಿಳಿಯರ ನಡುವೆಯೇ ದುಡಿಯಬೇಕಾದ ಕಪ್ಪು ಜನ ನ್ಯಾಯಾಲಯದ ಕಟಕಟೆ ಹತ್ತಿ, ತಮ್ಮನ್ನು ಒಮ್ಮೆಯೂ ಕರೆದಿಲ್ಲವೆಂದು ಬಹಿರಂಗವಾಗಿ ಹೇಳಿದರು. ಪ್ರಸಿದ್ಧ ವಕೀಲ ಸ್ಯಾಮ್ಯುಯೆಲ್ ಲೀಬೊವಿಟ್ಜ್ ವಿಚಾರಣೆ ಮುಗಿಸಿ ನ್ಯೂಯಾರ್ಕಿಗೆ ಮರಳಬಹುದಿತ್ತು. ಈ ಸಾಕ್ಷಿಗಳು ಅದೇ ಬೀದಿಯ ತಮ್ಮ ಮನೆಗೆ ಮರಳಬೇಕಿತ್ತು. 1935ರ ತೀರ್ಪು ನಿಂತದ್ದು ಅವರ ಮಾತಿನ ಮೇಲೆ. ಆರೋಪಿಗಳ ತಾಯಂದಿರೂ ಸುಮ್ಮನಿರಲಿಲ್ಲ. ರಾಯ್ ಮತ್ತು ಆ್ಯಂಡಿ ರೈಟ್ ಸಹೋದರರ ತಾಯಿ ಏಡಾ ರೈಟ್ 1932ರಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಸಂಚರಿಸಿ ಮಕ್ಕಳ ಪರವಾಗಿ ಸಭೆಗಳಲ್ಲಿ ಮಾತನಾಡಿದರು.

ಇಂಥ ಧೈರ್ಯದ ಸುಳಿವು ಕಾದಂಬರಿಯಲ್ಲೂ ಇದೆ. ಓದುವವರ ಕಣ್ಣು ಅಲ್ಲಿ ನಿಲ್ಲುವುದು ಕಡಿಮೆ. ಟಾಮ್ ಸೆರೆಯಲ್ಲಿದ್ದಾಗ ಅವನ ಹೆಂಡತಿ ಹೆಲೆನ್‌ಗೆ ಯಾರೂ ಕೆಲಸ ಕೊಡುವುದಿಲ್ಲ. ರೆವರೆಂಡ್ ಸೈಕ್ಸ್ ಹತ್ತು ಡಾಲರ್ ಕೂಡುವವರೆಗೆ ಚರ್ಚಿನ ಬಾಗಿಲು ತೆರೆಯಲು ಬಿಡದೆ, ಬಡವರಿಂದಲೇ ಕಾಸು ಕಾಸು ಕೂಡಿಸುತ್ತಾನೆ. ತೀರ್ಪಿನ ಮರುದಿನ ಆಟಿಕಸ್‌ನ ಅಡುಗೆಮನೆ ಕಪ್ಪು ಜನ ತಂದಿಟ್ಟ ಆಹಾರದಿಂದ ತುಂಬಿಹೋಗುತ್ತದೆ. ಕಟಕಟೆಯಲ್ಲಿ ಟಾಮ್ ತಾನು ಆ ಬಿಳಿಯ ಯುವತಿಗಾಗಿ ಮರುಕಪಟ್ಟೆನೆಂದು ಸತ್ಯ ನುಡಿಯುತ್ತಾನೆ. ಆ ಸಮಾಜದಲ್ಲಿ ಕಪ್ಪು ಮನುಷ್ಯನೊಬ್ಬ ಬಿಳಿಯಳಿಗಾಗಿ ಮರುಕಪಡುವುದು ಅಕ್ಷಮ್ಯ ಅಪರಾಧ. ಸೋಲು ಖಚಿತವೆಂದು ತಿಳಿದೂ ನಡೆಯುವುದೇ ಧೈರ್ಯವೆಂಬ ಆಟಿಕಸ್‌ನ ವ್ಯಾಖ್ಯೆ ಆ ದಿನ ಅತ್ಯಂತ ಖಚಿತವಾಗಿ ಅನ್ವಯಿಸುವುದು ಕಕ್ಷಿದಾರನಿಗೆ, ವಕೀಲನಿಗಲ್ಲ. ಆದರೆ ವಿಚಾರಣೆ ಮುಗಿದಾಗ ಗ್ಯಾಲರಿಯ ಜನ ಎದ್ದುನಿಂತು ಗೌರವ ಸೂಚಿಸುವುದು ಕೆಳಗೆ ನಡೆದುಹೋಗುವ ಆಟಿಕಸ್‌ಗೆ. ಈ ದೃಶ್ಯದ ಸೊಬಗಿನಲ್ಲಿ ಆ ಜನರ ಸ್ವಂತ ಕರ್ತೃತ್ವ ಮರೆಯಾಗುತ್ತದೆ.

6

ಕಥೆಯ ಕಾಲ ಒಂದು, ಬರವಣಿಗೆಯ ಕಾಲ ಇನ್ನೊಂದು. ಲೀ ಈ ಕೃತಿಯನ್ನು ರೂಪಿಸಿದ್ದು 1950ರ ದಶಕದ ಉತ್ತರಾರ್ಧದಲ್ಲಿ, ನ್ಯೂಯಾರ್ಕಿನಲ್ಲಿ. 1954ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿನ ವರ್ಣವಿಭಜನೆಯನ್ನು ಸಂವಿಧಾನ ವಿರೋಧಿಯೆಂದಿತ್ತು. ಅದನ್ನು ಎದುರಿಸಲು ದಕ್ಷಿಣದ ಊರೂರುಗಳಲ್ಲಿ ಬಿಳಿಯ ಗಣ್ಯರು ನಾಗರಿಕ ಮಂಡಳಿಗಳನ್ನು ಕಟ್ಟಿಕೊಂಡಿದ್ದರು. 1956ರಲ್ಲಿ ಆಥರೀನ್ ಲೂಸಿ ಎಂಬ ಕಪ್ಪುವರ್ಣೀಯ ವಿದ್ಯಾರ್ಥಿನಿ ಅಲಬಾಮಾ ವಿಶ್ವವಿದ್ಯಾನಿಲಯಕ್ಕೆ ಪ್ರವೇಶ ಪಡೆದಾಗ ಗಲಭೆಯೆದ್ದು, ಕೆಲವೇ ದಿನಗಳಲ್ಲಿ ಆಕೆಯನ್ನು ಹೊರಹಾಕಲಾಯಿತು. ಲೀ ಹಿಂದೆ ಕಾನೂನು ಓದಿದ್ದು ಅದೇ ವಿಶ್ವವಿದ್ಯಾನಿಲಯದಲ್ಲಿ.

ಈ ತಳಮಳ ನೇರವಾಗಿ ಕಾಣಿಸುವುದು 2015ರ ಜುಲೈಯಲ್ಲಿ ಪ್ರಕಟವಾದ 'ಗೋ ಸೆಟ್ ಎ ವಾಚ್‌ಮನ್' ಎಂಬ ಅವರ ಮೊದಲ ಹಸ್ತಪ್ರತಿಯಲ್ಲಿ. ಅದರಲ್ಲಿ ಇಪ್ಪತ್ತಾರರ ಜೀನ್ ಲೂಯಿಸ್ ಊರಿಗೆ ಮರಳಿ, ನ್ಯಾಯಾಲಯದ ಅದೇ ಗ್ಯಾಲರಿಯಿಂದ ಕೆಳಗೆ ನೋಡುತ್ತಾಳೆ. ಕೆಳಗೆ ಅವಳ ತಂದೆ ನಾಗರಿಕ ಮಂಡಳಿಯ ಸಭೆಯಲ್ಲಿ ಕುಳಿತಿದ್ದಾನೆ. ಅವಳ ಮುಗ್ಧತೆ ಒಡೆಯುವುದು ತಂದೆಯ ಕಾರಣದಿಂದ. ಸಂಪಾದಕಿ ಟೇ ಹೊಹೊಫ್ ಅವರ ಮಾರ್ಗದರ್ಶನದಲ್ಲಿ ಹಸ್ತಪ್ರತಿ ತಿದ್ದುಪಡಿಗೊಳ್ಳುತ್ತ ಹೋದಾಗ ಕಥೆ ಇಪ್ಪತ್ತು ವರ್ಷ ಹಿಂದಕ್ಕೆ ಸರಿಯಿತು, ನಿರೂಪಕಿ ಮಗುವಾದಳು, ತಂದೆ ಕಳಂಕರಹಿತನಾದ. ಮೊದಲ ಹಸ್ತಪ್ರತಿಯಲ್ಲಿ ಆಟಿಕಸ್ ವಾದಿಸಿದ ಇಂಥದೇ ಪ್ರಕರಣದಲ್ಲಿ ಆರೋಪಿ ಬಿಡುಗಡೆಯಾಗಿದ್ದ. ಅಂದರೆ ಒಂದು ಹಸ್ತಪ್ರತಿಯಲ್ಲಿ ನ್ಯಾಯಾಲಯ ಗೆದ್ದು ತಂದೆ ಸೋಲುತ್ತಾನೆ. ಇನ್ನೊಂದರಲ್ಲಿ ನ್ಯಾಯಾಲಯ ಸೋತು ತಂದೆ ಗೆಲ್ಲುತ್ತಾನೆ. ಎರಡನೆಯದು ಕಲಾಕೃತಿಯಾಗಿ ಹೆಚ್ಚು ಸಮರ್ಥವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಪೂರ್ವಗ್ರಹವನ್ನು ಮನೆಯ ಹೊರಗೆ, ಊರ ಅಂಚಿನ ಬಡ ಯೂವೆಲ್ ಕುಟುಂಬದ ಕಡೆಗೆ ಸರಿಸಿದ ಬೆಲೆಯನ್ನು ಅದು ತೆತ್ತಿದೆ. ನಾಗರಿಕ ಮಂಡಳಿಗಳನ್ನು ನಡೆಸಿದವರು ಯೂವೆಲ್‌ನಂಥವರಲ್ಲ. ವಕೀಲರು, ವರ್ತಕರು, ಬ್ಯಾಂಕಿನವರು.

7

ಇನ್ನು ಮುಗ್ಧತೆಯ ನಾಶ. ತೀರ್ಪು ಕೇಳಿ ಜೆಮ್ ಅಳುತ್ತಾನೆ. ಅದಕ್ಕೂ ಮೊದಲು, ಸರಕಾರಿ ವಕೀಲನ ಅವಮಾನಕರ ಪ್ರಶ್ನೆಗಳನ್ನು ತಾಳಲಾರದೆ ಗೆಳೆಯ ಡಿಲ್ ಅಳುತ್ತ ಹೊರನಡೆಯುತ್ತಾನೆ. ಈ ಕಣ್ಣೀರು ಪ್ರಾಮಾಣಿಕವಾದದ್ದು. ನ್ಯಾಯಾಲಯವೆಂದರೆ ನ್ಯಾಯ ದೊರೆಯುವ ಸ್ಥಳ ಎಂಬ ನಂಬಿಕೆ ಒಡೆದುಹೋದ ದುಃಖ ಅದು. ಆದರೆ ಅದೇ ಗ್ಯಾಲರಿಯಲ್ಲಿ ಕುಳಿತವರಿಗೆ ಅಂಥ ನಂಬಿಕೆಯನ್ನು ಇಟ್ಟುಕೊಳ್ಳುವ ಅವಕಾಶವೇ ಇರಲಿಲ್ಲ. ತೀರ್ಪುಗಾರರು ಹೊರಹೋದಾಗ ಜೆಮ್ ಗೆಲುವು ಖಚಿತವೆಂದು ಸಂಭ್ರಮಿಸುತ್ತಾನೆ. ಕಪ್ಪು ಮನುಷ್ಯನ ಪರವಾಗಿ ಯಾವ ತೀರ್ಪನ್ನೂ ಕಂಡಿಲ್ಲದ ರೆವರೆಂಡ್ ಸೈಕ್ಸ್ ಅವನನ್ನು ಎಚ್ಚರಿಸುತ್ತಾನೆ.

ಟಾಮ್ ರಾಬಿನ್ಸನ್‌ಗೂ ಮೂವರು ಮಕ್ಕಳಿದ್ದಾರೆ. ತಂದೆಯ ಸಾವಿನ ಸುದ್ದಿಯನ್ನು ಹೊತ್ತು ಆಟಿಕಸ್ ಬಂದಾಗ ಮನೆಯ ಮುಂದೆ ಗೋಲಿಯಾಟ ನಡೆದಿರುತ್ತದೆ. ಪುಟ್ಟ ಹುಡುಗಿ ಅವನ ಬೆರಳು ಹಿಡಿದು ಮೆಟ್ಟಿಲಿಳಿಯುತ್ತಾಳೆ. ಇಡೀ ಕಾದಂಬರಿಯಲ್ಲಿ ಆ ಮಕ್ಕಳಿಗೆ ದೊರೆತ ಜಾಗ ಬಹುಮಟ್ಟಿಗೆ ಇಷ್ಟೆ. ಟಾಮ್‌ನ ಸ್ವಂತ ಬಾಲ್ಯದ ಬಗ್ಗೆ ನಮಗೆ ತಿಳಿಯುವುದು ಒಂದೇ ಸಂಗತಿ: ಯಂತ್ರಕ್ಕೆ ಸಿಕ್ಕಿದ ಕೈ. ಕಾದಂಬರಿಯ ಹೊರಗೆ, 1931ರಲ್ಲಿ ಸೆರೆ ಸೇರಿದ ರಾಯ್ ರೈಟ್ ಹೊರಬಂದದ್ದು 1937ರಲ್ಲಿ. ಜೆಮ್‌ನ ವಯಸ್ಸಿನಲ್ಲಿ ಒಳಹೋಗಿ ಯುವಕನಾಗಿ ಹೊರಬಂದ ಅವನ ಬೆಳವಣಿಗೆಯ ಕಥೆ ಪೂರ್ತಿ ಸೆರೆಮನೆಯೊಳಗೆ ನಡೆಯಿತು. ಉಳಿದವರಲ್ಲಿ ಕ್ಲಾರೆನ್ಸ್ ನಾರಿಸ್‌ಗೆ ಅಲಬಾಮಾ ಕ್ಷಮಾದಾನ ನೀಡಿದ್ದು 1976ರಲ್ಲಿ. ಇನ್ನು ಮೂವರಿಗೆ ಮರಣೋತ್ತರವಾಗಿ 2013ರಲ್ಲಿ.

ಆಸನ ಬಿಟ್ಟುಕೊಡುವ ವಿಷಯಕ್ಕೆ ಇಲ್ಲಿ ಮರಳಬೇಕು. 1935ರ ಕಲ್ಪಿತ ಗ್ಯಾಲರಿಯಲ್ಲಿ ನಾಲ್ವರು ವಯಸ್ಕರು ಬಿಳಿಯ ಮಕ್ಕಳಿಗಾಗಿ ಎದ್ದುನಿಂತರು. ಲೇಖಕಿ ಅದನ್ನು ಔದಾರ್ಯವೆಂಬಂತೆ ಚಿತ್ರಿಸುತ್ತಾರೆ. 1955ರ ಮಾರ್ಚ್‌ನಲ್ಲಿ, ಅದೇ ಅಲಬಾಮಾದ ರಾಜಧಾನಿ ಮಾಂಟ್ಗೊಮರಿಯ ಬಸ್ಸಿನಲ್ಲಿ, ಹದಿನೈದು ವರ್ಷದ ಶಾಲಾ ಬಾಲಕಿ ಕ್ಲಾಡೆಟ್ ಕಾಲ್ವಿನ್ ಬಿಳಿಯರಿಗಾಗಿ ತನ್ನ ಆಸನ ಬಿಟ್ಟೇಳಲು ನಿರಾಕರಿಸಿ ಬಂಧನಕ್ಕೊಳಗಾದಳು. ಆ ವರ್ಷದ ಡಿಸೆಂಬರಿನಲ್ಲಿ ರೋಸಾ ಪಾರ್ಕ್ಸ್ ಅವರ ಬಂಧನದ ತರುವಾಯ ತೊಡಗಿದ ಬಸ್ ಬಹಿಷ್ಕಾರ 381 ದಿನ ನಡೆಯಿತು. ಬಸ್ಸುಗಳಲ್ಲಿನ ವರ್ಣವಿಭಜನೆಯನ್ನು ಕೊನೆಗೊಳಿಸಿದ 1956ರ ಮೊಕದ್ದಮೆಯ ವಾದಿಗಳಲ್ಲಿ ಕಾಲ್ವಿನ್ ಒಬ್ಬಳು. ಲೀ ಕಾದಂಬರಿಯನ್ನು ಬರೆಯತೊಡಗುವ ಹೊತ್ತಿಗೆ ಅಲಬಾಮಾದ ಬಾಲಕಿಯೊಬ್ಬಳು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದು ಕಾನೂನನ್ನು ಬದಲಿಸಿದ್ದಳು. ಚಿತ್ರದಲ್ಲಿ ಆಟಿಕಸ್‌ನ ಪಾತ್ರ ವಹಿಸಿದ ಗ್ರೆಗರಿ ಪೆಕ್ 1963ರ ಏಪ್ರಿಲ್‌ನಲ್ಲಿ ಆಸ್ಕರ್ ಪಡೆದರು. ಮರುತಿಂಗಳು ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ಸಾವಿರಾರು ಕಪ್ಪುವರ್ಣೀಯ ಮಕ್ಕಳು ಮೆರವಣಿಗೆ ಹೊರಟು, ನೀರಿನ ಕೊಳವೆಗಳನ್ನೂ ಪೊಲೀಸ್ ನಾಯಿಗಳನ್ನೂ ಎದುರಿಸಿ ಸೆರೆ ಸೇರಿದರು. ಸೆಪ್ಟೆಂಬರ್ 15ರಂದು ಅದೇ ನಗರದ ಚರ್ಚೊಂದರಲ್ಲಿ ಬಾಂಬು ಸಿಡಿದು ನಾಲ್ವರು ಬಾಲಕಿಯರು ಸತ್ತರು. ಇವೂ ಅಲಬಾಮಾದ ಬಾಲ್ಯಗಳೇ.

8

ಈ ವ್ಯತ್ಯಾಸಗಳಿಂದಾಗಿ ಕೃತಿಯನ್ನು ತಿರಸ್ಕರಿಸುವುದು ಸರಿಯಲ್ಲ. ಮಾರ್ಟಿನ್ ಲೂಥರ್ ಕಿಂಗ್ 1964ರ ತಮ್ಮ ಗ್ರಂಥದಲ್ಲಿ ಅಹಿಂಸೆಯ ನೈತಿಕ ಧೈರ್ಯಕ್ಕೆ ನಿದರ್ಶನವಾಗಿ ಆಟಿಕಸ್‌ನನ್ನು ಸ್ಮರಿಸಿದ್ದಾರೆ. ಇನ್ನೊಂದು ಕಡೆ, 1992ರಲ್ಲಿ ಕಾನೂನು ವಿದ್ವಾಂಸ ಮನ್ರೋ ಫ್ರೀಡ್‌ಮನ್, ನ್ಯಾಯಾಲಯ ನೇಮಿಸಿದ ಹೊರತು ಆಟಿಕಸ್ ತಾನಾಗಿ ಅನ್ಯಾಯದ ವ್ಯವಸ್ಥೆಯನ್ನು ಎದುರಿಸಿದನೆ ಎಂದು ಪ್ರಶ್ನಿಸಿ ದೊಡ್ಡ ಚರ್ಚೆಗೆ ಕಾರಣರಾದರು. 1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಜಿಲ್ಲೆಯ ಶಾಲಾ ಮಂಡಳಿ ಪುಸ್ತಕವನ್ನು ಅನೈತಿಕವೆಂದು ದೂರವಿಟ್ಟಿತು; 2017ರಲ್ಲಿ ಮಿಸಿಸಿಪಿಯ ಬಿಲಾಕ್ಸಿ ನಗರದ ಶಾಲೆಗಳಲ್ಲಿ ಅದರ ಭಾಷೆ ಕಸಿವಿಸಿ ತರುತ್ತದೆಂದು ಪಠ್ಯದಿಂದ ಕೈಬಿಡಲಾಯಿತು. ಕಾರಣಗಳು ಬದಲಾಗಿವೆ. ಆದರೆ ಎರಡೂ ಸಂದರ್ಭಗಳಲ್ಲಿ ಪುಸ್ತಕ ಎತ್ತುವ ಪ್ರಶ್ನೆಯನ್ನು ಎದುರಿಸುವ ಬದಲು ಪುಸ್ತಕವನ್ನೇ ಬದಿಗಿರಿಸಲಾಯಿತು.

ಪ್ರಶ್ನೆ ಹಳೆಯದಾಗಿಲ್ಲವೆಂಬುದಕ್ಕೆ ಮನ್ರೋವಿಲ್ ಪರಿಸರದಲ್ಲೇ ಸಾಕ್ಷಿಯಿದೆ. 1988ರಲ್ಲಿ ಆ ಪ್ರದೇಶದ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪುವರ್ಣೀಯನಿಗೆ ಕೊಲೆಯ ಆರೋಪದಲ್ಲಿ ಶಿಕ್ಷೆಯಾಯಿತು. ವಿಚಾರಣೆ ನಡೆದದ್ದು ಒಂದೂವರೆ ದಿನ. ತೀರ್ಪುಗಾರರು ಜೀವಾವಧಿ ಎಂದರೂ ನ್ಯಾಯಾಧೀಶರು ಅದನ್ನು ಮೀರಿ ಮರಣದಂಡನೆ ವಿಧಿಸಿದರು. ವಕೀಲ ಬ್ರಯಾನ್ ಸ್ಟೀವನ್‌ಸನ್ ಅವರ ಹೋರಾಟದಿಂದ ಸಾಕ್ಷ್ಯ ಸುಳ್ಳೆಂದು ಸಾಬೀತಾಗಿ 1993ರಲ್ಲಿ ಅವನ ಬಿಡುಗಡೆಯಾಯಿತು. ಆ ಹೊತ್ತಿಗೆ ಮನ್ರೋವಿಲ್‌ನ ಹಳೆಯ ನ್ಯಾಯಾಲಯದ ಕಟ್ಟಡದಲ್ಲಿ ಟಾಮ್ ರಾಬಿನ್ಸನ್‌ನ ವಿಚಾರಣೆಯನ್ನು ವರ್ಷವರ್ಷವೂ ನಾಟಕವಾಗಿ ಆಡತೊಡಗಿದ್ದರು.

ಕನ್ನಡದ ಸಂಶೋಧಕರಿಗೆ ಈ ಚರ್ಚೆ ಪರಕೀಯವಲ್ಲ. ಅಸ್ಪೃಶ್ಯತೆ ಮತ್ತು ಅಮೆರಿಕದ ವರ್ಣಭೇದ ಇವೆರಡನ್ನೂ ಜೊತೆಗಿಟ್ಟು ಯೋಚಿಸುವ ಪರಂಪರೆಗೆ ಡಾ. ಅಂಬೇಡ್ಕರ್ 1946ರಲ್ಲಿ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರಿಗೆ ಬರೆದ ಪತ್ರವೇ ದಾಖಲೆ. ನಮ್ಮಲ್ಲೂ ಅನ್ಯಾಯವನ್ನು ಕಾಣುವ ಮಗುವಿನ ಕಣ್ಣು ಎರಡು ಕಡೆಗಳಿಂದ ತೆರೆದಿದೆ. ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯ ಬಾಲಕ ಅಗ್ರಹಾರದ ಒಳಗಿನವನಾಗಿ ಬಹಿಷ್ಕಾರವನ್ನು ನೋಡಿ ತತ್ತರಿಸುತ್ತಾನೆ. 1994ರಲ್ಲಿ ಪ್ರಕಟವಾದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಹಿಷ್ಕಾರವನ್ನೇ ದಿನನಿತ್ಯದ ಬದುಕಾಗಿ ಉಂಡ ಬಾಲ್ಯವನ್ನು ದಾಖಲಿಸುತ್ತದೆ. ಮೊದಲನೆಯದರಲ್ಲಿ ಮುಗ್ಧತೆ ಒಡೆಯುತ್ತದೆ. ಎರಡನೆಯದರಲ್ಲಿ ಅದು ಮೊದಲಿನಿಂದಲೂ ನಿಷೇಧಿತ. ಇವೆರಡನ್ನೂ ಒಂದೇ ಶೀರ್ಷಿಕೆಯಡಿ ಸೇರಿಸಿ ಓದಿದರೆ ಎರಡಕ್ಕೂ ಅನ್ಯಾಯವಾದೀತು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಓದಿದರೆ ಎರಡೂ ಸ್ಪಷ್ಟವಾಗುತ್ತವೆ.

ಹಾರ್ಪರ್ ಲೀ ಅವರ ಕೃತಿಗೂ ಇದೇ ಮಾತು ಸಲ್ಲುತ್ತದೆ. ಸ್ಕೌಟ್ ತನಗೆ ಕಂಡದ್ದನ್ನು ಪ್ರಾಮಾಣಿಕವಾಗಿ ಹೇಳಿದ್ದಾಳೆ. ಅವಳು ಕುಳಿತ ಆಸನ ಯಾರದಾಗಿತ್ತು, ಎದ್ದು ಗೋಡೆಗೆ ಒರಗಿ ನಿಂತವರಿಗೆ ಆ ದಿನ ಏನು ಕಂಡಿತು ಎಂಬುದನ್ನು ಹೇಳುವುದು ಅವಳ ಕೆಲಸವಾಗಿರಲಿಲ್ಲ. ಅದನ್ನು ನ್ಯಾಯಾಲಯದ ಕಡತಗಳಲ್ಲಿ, ಸಾಕ್ಷಿಗಳ ಹೇಳಿಕೆಗಳಲ್ಲಿ, ಏಡಾ ರೈಟ್ ಮತ್ತು ಕ್ಲಾಡೆಟ್ ಕಾಲ್ವಿನ್ ಅವರಂಥವರ ಮಾತುಗಳಲ್ಲಿ ಹುಡುಕಿ ತೆಗೆಯುವುದು ಚರಿತ್ರೆಯ ಅಭ್ಯಾಸಿಗಳ ಹೊಣೆ.